ಶಾಲೆ, ಮತ, ನೆಲ: ಥ್ಯಾಡಿಯಸ್ ಸ್ಟೀವನ್ಸ್ ಅವರ ಸಮಾನತೆಯ ರಾಜಕಾರಣ

1865ರ ವಸಂತದಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು, ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಜಾರಿಗೆ ಬಂದಾಗ, ಸುಮಾರು 40 ಲಕ್ಷ ಕಪ್ಪುಜನರ ಗುಲಾಮಗಿರಿ ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡಿತು. ಯಜಮಾನನ ಒಡೆತನದಿಂದ ಬಿಡುಗಡೆಯಾದ ಈ ಜನರ ಬಳಿ ಮನೆಯಾಗಲಿ, ಉಳಲು ನೆಲವಾಗಲಿ, ಓದುಬರಹವಾಗಲಿ, ಮತದ ಹಕ್ಕಾಗಲಿ ಇರಲಿಲ್ಲ. ಅವರು ದುಡಿದು ಬೆಳೆಸಿದ ಹತ್ತಿಯ ಹೊಲಗಳೆಲ್ಲ ಹಳೆಯ ಯಜಮಾನರ ಹೆಸರಿನಲ್ಲೇ ಉಳಿದಿದ್ದವು. ಬಿಡುಗಡೆಯಾದವರು ಏನನ್ನು ಆಧರಿಸಿ ಸ್ವತಂತ್ರರಾಗಿ ಬಾಳಬೇಕು ಎಂಬ ಪ್ರಶ್ನೆಯನ್ನು ಆ ಕಾಲದ ಅಮೆರಿಕದ ರಾಜಕಾರಣಿಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಎತ್ತಿದವರು ಪೆನ್ಸಿಲ್ವೇನಿಯಾ ರಾಜ್ಯದ ವಕೀಲ, ಪ್ರತಿನಿಧಿ ಸಭೆಯ ಸದಸ್ಯ ಥ್ಯಾಡಿಯಸ್ ಸ್ಟೀವನ್ಸ್. ಸಮಾನತೆ ಎಂಬುದು ಕಾನೂನಿನ ಪುಸ್ತಕದಲ್ಲಿ ಉಳಿಯುವ ಮಾತಾಗಬಾರದು, ಬಡವನ ಮಗುವಿಗೆ ಶಾಲೆ, ವಯಸ್ಕನಿಗೆ ಮತ, ರೈತನಿಗೆ ನೆಲ ಈ ಮೂರೂ ಸೇರಿದಾಗ ಮಾತ್ರ ಅದು ನಿಲ್ಲುತ್ತದೆ ಎಂಬ ನಿಲುವಿಗೆ ಅವರು ಹಂತಹಂತವಾಗಿ ಬಂದರು. ಮೊದಲನೆಯದನ್ನು ಅವರು ಗೆದ್ದರು, ಎರಡನೆಯದು ಅವರ ಕಣ್ಣೆದುರಿಗೆ ಅರ್ಧ ದಕ್ಕಿತು, ಮೂರನೆಯದರಲ್ಲಿ ಅವರು ಸೋತರು; ಅಮೆರಿಕದ ಮುಂದಿನ ನೂರು ವರ್ಷಗಳ ಜನಾಂಗ ಸಂಬಂಧದ ಇತಿಹಾಸವನ್ನು ಬಹುಮಟ್ಟಿಗೆ ಈ ಗೆಲುವು ಸೋಲುಗಳ ಲೆಕ್ಕದಿಂದಲೇ ವಿವರಿಸಬಹುದು.

ಸ್ಟೀವನ್ಸ್ ಹುಟ್ಟಿದ್ದು 1792ರ ಏಪ್ರಿಲ್ 4ರಂದು, ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ. ವಯಸ್ಕರ ಗುಲಾಮಗಿರಿಯನ್ನು 1777ರಷ್ಟು ಹಿಂದೆಯೇ ತನ್ನ ಸಂವಿಧಾನದಲ್ಲಿ ನಿಷೇಧಿಸಿದ್ದ ವರ್ಮಾಂಟ್, ಅವರು ಹುಟ್ಟುವ ಒಂದು ವರ್ಷ ಮೊದಲಷ್ಟೇ ಸಂಯುಕ್ತ ಸಂಸ್ಥಾನಗಳಿಗೆ ಸೇರಿತ್ತು. ಮಗು ಹುಟ್ಟುವಾಗಲೇ ಪಾದ ತಿರುಚಿಕೊಂಡಿದ್ದುದರಿಂದ ಸ್ಟೀವನ್ಸ್ ಜೀವನದುದ್ದಕ್ಕೂ ಕುಂಟುತ್ತಲೇ ನಡೆದರು. ಚಪ್ಪಲಿ ಹೊಲಿಯುವ ಕೆಲಸ ಮಾಡುತ್ತಿದ್ದ ತಂದೆ ಜೋಶುವಾ ಕುಟುಂಬವನ್ನು ತೊರೆದುಹೋದ ಮೇಲೆ, ತಾಯಿ ಸಾರಾ ಒಬ್ಬರೇ ಗಂಡುಮಕ್ಕಳನ್ನು ಸಾಕಿ, ನಡೆದು ದುಡಿಯಲಾಗದ ಈ ಮಗನಿಗೆ ವಿದ್ಯೆಯೇ ಬದುಕಿನ ದಾರಿ ಎಂದು ತಿಳಿದು, ಒಳ್ಳೆಯ ಶಾಲೆಯಿದ್ದ ಪೀಚಮ್ ಎಂಬ ನೆರೆಯೂರಿಗೆ ಮನೆ ಬದಲಿಸಿದರು. ಅಲ್ಲಿಂದ ಮುಂದೆ ಸ್ಟೀವನ್ಸ್ ನ್ಯೂ ಹ್ಯಾಂಪ್‌ಶೈರಿನ ಡಾರ್ಟ್‌ಮತ್ ಕಾಲೇಜಿಗೆ ಸೇರಿ 1814ರಲ್ಲಿ ಪದವಿ ಪಡೆದರು. ಬಡತನ, ಅಂಗವೈಕಲ್ಯ ಮತ್ತು ತಾಯಿಯ ದುಡಿಮೆ ಇವು ಮೂರೂ ಕೂಡಿ ರೂಪಿಸಿದ ಈ ಬಾಲ್ಯ, ಅವರ ಮುಂದಿನ ರಾಜಕಾರಣದಲ್ಲಿ ಶಾಲೆಯ ಪ್ರಶ್ನೆಗೆ ಸಿಕ್ಕ ಮಹತ್ವವನ್ನು ಬಹುಪಾಲು ವಿವರಿಸುತ್ತದೆ.

ಪದವಿಯ ಬಳಿಕ ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣಕ್ಕೆ ಬಂದ ಸ್ಟೀವನ್ಸ್, ಹಗಲು ಅಲ್ಲಿನ ಅಕಾಡೆಮಿಯಲ್ಲಿ ಪಾಠ ಹೇಳುತ್ತ, ಉಳಿದ ವೇಳೆಯಲ್ಲಿ ಸ್ಥಳೀಯ ವಕೀಲರೊಬ್ಬರ ಕೈಕೆಳಗೆ ಕಾನೂನು ಓದಿದರು. ಕಾನೂನು ಕಾಲೇಜುಗಳು ವಿರಳವಾಗಿದ್ದ ಆ ಕಾಲದಲ್ಲಿ ಅನುಭವಿ ವಕೀಲರ ಕಚೇರಿಯಲ್ಲಿ ಓದಿ, ಬಳಿಕ ಪರೀಕ್ಷಕರ ಮುಂದೆ ಉತ್ತರ ಹೇಳಿ ಸನ್ನದು ಪಡೆಯುವುದೇ ವಾಡಿಕೆಯಾಗಿತ್ತು. ಆದರೆ ಬೇರೆ ವೃತ್ತಿ ನಡೆಸುತ್ತ ಕಾನೂನು ಓದಿದವರಿಗೆ ಸನ್ನದು ಕೊಡಲಾಗದೆಂಬ ನಿಯಮ ಯಾರ್ಕಿನ ವಕೀಲರಲ್ಲಿ ಇದ್ದುದರಿಂದ, ಅವರು ಗಡಿ ದಾಟಿ ಮೇರಿಲೆಂಡ್ ರಾಜ್ಯದ ಬೆಲ್ ಏರ್‌ನಲ್ಲಿ ಪರೀಕ್ಷೆ ಮುಗಿಸಿ, 1816ರಲ್ಲಿ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ವಕೀಲಿ ಕಚೇರಿ ತೆರೆದರು. ಕೆಲವೇ ವರ್ಷಗಳಲ್ಲಿ ಅವರ ವೃತ್ತಿ ಬೆಳೆದು, ಊರಿನ ದೊಡ್ಡ ಆಸ್ತಿವಂತರ ಸಾಲಿಗೆ ಅವರು ಸೇರಿದರು.

ಗೆಟಿಸ್‌ಬರ್ಗ್ ಗುಲಾಮಗಿರಿಯಿದ್ದ ಮೇರಿಲೆಂಡಿನ ಗಡಿಗೆ ಕೆಲವೇ ಮೈಲು ದೂರದಲ್ಲಿತ್ತು. ಆದ್ದರಿಂದ ಓಡಿಬಂದ ಗುಲಾಮರ ಮತ್ತು ಅವರನ್ನು ಬೆನ್ನಟ್ಟಿ ಬಂದ ಯಜಮಾನರ ವ್ಯಾಜ್ಯಗಳು ಅಲ್ಲಿನ ನ್ಯಾಯಾಲಯಗಳಿಗೆ ಬರುವುದು ಸಾಮಾನ್ಯವಾಗಿತ್ತು. 1821ರಲ್ಲಿ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಬಟ್ಲರ್ ವಿರುದ್ಧ ಡೆಲಪ್ಲೇನ್ ಪ್ರಕರಣ ಸ್ಟೀವನ್ಸ್ ಅವರ ಬದುಕಿನಲ್ಲಿ ವಿಶೇಷ ಸ್ಥಾನ ಪಡೆದಿದೆ. ಗುಲಾಮಗಿರಿಯನ್ನು ಕ್ರಮೇಣ ರದ್ದುಪಡಿಸಲೆಂದು ಪೆನ್ಸಿಲ್ವೇನಿಯಾ 1780ರಲ್ಲಿ ಮಾಡಿದ್ದ ಕಾಯಿದೆಯ ಪ್ರಕಾರ, ಹೊರರಾಜ್ಯದ ಯಜಮಾನನೊಬ್ಬ ತನ್ನ ಗುಲಾಮರನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಈ ರಾಜ್ಯದಲ್ಲಿ ಇಟ್ಟುಕೊಂಡರೆ ಅವರು ಸ್ವತಂತ್ರರಾಗುತ್ತಿದ್ದರು. ಚಾರಿಟಿ ಬಟ್ಲರ್ ಎಂಬ ಮಹಿಳೆ, ತಮ್ಮನ್ನು ಮೇರಿಲೆಂಡಿನಿಂದ ಹಲವು ಸಲ ಇಲ್ಲಿಗೆ ಕರೆತರಲಾಗಿದ್ದು ಆ ಎಲ್ಲ ದಿನಗಳನ್ನು ಕೂಡಿಸಿದರೆ ಆರು ತಿಂಗಳು ಮೀರುತ್ತದೆ, ಆದ್ದರಿಂದ ತಾವೂ ತಮ್ಮ ಮಕ್ಕಳೂ ಸ್ವತಂತ್ರರೆಂದು ವಾದಿಸಿದರು. ಯಜಮಾನನ ಪರವಾಗಿ ನಿಂತ ಸ್ಟೀವನ್ಸ್, ಕಾಯಿದೆ ಹೇಳುವ ಆರು ತಿಂಗಳು ಎಡೆಬಿಡದೆ ಇರಬೇಕಾದ ಅವಧಿಯೇ ಹೊರತು ಬಿಡಿಬಿಡಿ ದಿನಗಳ ಮೊತ್ತವಲ್ಲ ಎಂದು ವಾದಿಸಿ ಗೆದ್ದರು. ಒಬ್ಬ ತಾಯಿಯೂ ಅವರ ಮಕ್ಕಳೂ ಗುಲಾಮಗಿರಿಗೆ ಮರಳಿದರು. ಇದಾದ ಮೇಲೆ ಸ್ಟೀವನ್ಸ್ ಗುಲಾಮರ ಒಡೆಯರ ಪರವಾಗಿ ಮತ್ತೆಂದೂ ಇಂಥ ವಾದ ಮಾಡಲಿಲ್ಲ. ಬದಲಿಗೆ, ಓಡಿಬಂದವರ ಪರವಾಗಿ ಶುಲ್ಕವಿಲ್ಲದೆ ನಿಲ್ಲುವ ವಕೀಲರೆಂದೇ ಅವರು ಪ್ರಸಿದ್ಧರಾದರು. ಕಾಯಿದೆಯ ಒಂದು ವಾಕ್ಯವನ್ನು ಹೇಗೆ ಓದಲಾಗುತ್ತದೆ ಎಂಬುದರ ಮೇಲೆ ಒಂದು ಕುಟುಂಬದ ಇಡೀ ಬಾಳು ನಿಂತಿರುತ್ತದೆ ಎಂಬ ಅರಿವು, ಮುಂದೆ ಅವರು ಸಂವಿಧಾನದ ಭಾಷೆಯನ್ನೇ ತಿದ್ದಲು ಹೊರಟಾಗ ಅವರ ಪ್ರತಿಯೊಂದು ಹೆಜ್ಜೆಯಲ್ಲೂ ಕಾಣುತ್ತದೆ.

ಅವರ ರಾಜಕೀಯ ಪ್ರವೇಶವಾದದ್ದು ಮೇಸನ್ ವಿರೋಧಿ ಪಕ್ಷದ ಮೂಲಕ. ಫ್ರೀಮೇಸನ್ ಎಂಬ ರಹಸ್ಯ ಸಂಘದ ಗುಟ್ಟುಗಳನ್ನು ಬಯಲು ಮಾಡುವುದಾಗಿ ಹೇಳಿದ್ದ ವಿಲಿಯಂ ಮಾರ್ಗನ್ ಎಂಬಾತ 1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಣ್ಮರೆಯಾದ ಬಳಿಕ ಹುಟ್ಟಿದ ಈ ಪಕ್ಷ, ನ್ಯಾಯಾಧೀಶರೂ ಅಧಿಕಾರಿಗಳೂ ಗುಟ್ಟಿನ ಪ್ರಮಾಣಗಳಿಂದ ಪರಸ್ಪರ ಬಂಧಿತರಾಗಿದ್ದರೆ ಸಾಮಾನ್ಯನಿಗೆ ನ್ಯಾಯ ಸಿಗದೆಂದು ವಾದಿಸುತ್ತಿತ್ತು. 1833ರಲ್ಲಿ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಸ್ಟೀವನ್ಸ್ ಮೇಸನ್ನರ ಮೇಲೆ ಹೂಡಿದ ತನಿಖೆಗಳು ಫಲ ಕೊಡಲಿಲ್ಲ. ಅವರ ಉಗ್ರ ಪಕ್ಷರಾಜಕಾರಣ 1838ರ ಡಿಸೆಂಬರಿನಲ್ಲಿ ರಾಜಧಾನಿ ಹ್ಯಾರಿಸ್‌ಬರ್ಗಿನಲ್ಲಿ ನಡೆದ ಗದ್ದಲದ ಹೊತ್ತಿಗೆ, ಅವರೇ ಶಾಸನಭವನದ ಕಿಟಕಿಯಿಂದ ಹೊರಬಿದ್ದು ಪಾರಾಗಬೇಕಾದ ಸ್ಥಿತಿಗೆ ತಂದಿತು. ಆದರೆ ಈ ಅವಧಿಯಲ್ಲೇ ಅವರ ಬಾಳಿನ ಶಾಶ್ವತ ಸಾಧನೆಗಳಲ್ಲಿ ಒಂದು ಕೈಗೂಡಿತು.

ಪೆನ್ಸಿಲ್ವೇನಿಯಾದಲ್ಲಿ 1809ರ ಕಾಯಿದೆಯಂತೆ, ಮಕ್ಕಳ ಶಾಲಾ ಶುಲ್ಕವನ್ನು ಸರಕಾರ ಭರಿಸಬೇಕಾದರೆ ತಂದೆತಾಯಿ ತಾವು ನಿರ್ಗತಿಕರೆಂದು ಅಧಿಕೃತವಾಗಿ ಹೆಸರು ಬರೆಸಿಕೊಳ್ಳಬೇಕಿತ್ತು. ಈ ಅವಮಾನಕ್ಕೆ ಅಂಜಿ ಬಹಳ ಬಡವರು ಮಕ್ಕಳನ್ನು ಶಾಲೆಗೇ ಕಳಿಸುತ್ತಿರಲಿಲ್ಲ. 1834ರ ಕಾಯಿದೆ ಈ ವ್ಯವಸ್ಥೆಯನ್ನು ಬದಲಿಸಿ, ತೆರಿಗೆಯ ಹಣದಿಂದ ನಡೆಯುವ, ಎಲ್ಲರಿಗೂ ತೆರೆದ ಶಾಲೆಗಳಿಗೆ ಅವಕಾಶ ಕೊಟ್ಟಿತು. ತೆರಿಗೆಯ ಹೊರೆಗೆ ಬೆದರಿದ ರೈತರೂ ತಮ್ಮದೇ ಶಾಲೆಗಳನ್ನು ಹೊಂದಿದ್ದ ಜರ್ಮನ್ ಮೂಲದ ಸಮುದಾಯಗಳೂ ಇದನ್ನು ರದ್ದುಪಡಿಸಬೇಕೆಂದು ಅರ್ಜಿಗಳ ರಾಶಿಯನ್ನೇ ಕಳುಹಿಸಿದರು. 1835ರಲ್ಲಿ ರಾಜ್ಯದ ಸೆನೆಟ್, ಅಂದರೆ ಮೇಲ್ಮನೆ, ರದ್ದತಿಗೆ ಒಪ್ಪಿಗೆಯನ್ನೂ ಕೊಟ್ಟಿತು. ಕೆಳಮನೆಯಲ್ಲಿ ಏಪ್ರಿಲ್ 11ರಂದು ಸ್ಟೀವನ್ಸ್ ಎದ್ದು ನಿಂತು, ಬಡವರ ಮಕ್ಕಳನ್ನು ಬಡವರೆಂದು ಗುರುತು ಹಾಕಿ ಬೇರೆ ಕೂರಿಸುವ ಕಾಯಿದೆ ವಿದ್ಯೆಯ ಹೆಸರಿನಲ್ಲಿ ಅವಮಾನವನ್ನು ಹಂಚುವ ಕಾಯಿದೆಯೆಂದೂ, ಮಕ್ಕಳಿಲ್ಲದವನೂ ಶಾಲಾ ತೆರಿಗೆ ಕೊಡುವುದು ಅವನು ಎಂದೂ ಕಾಲಿಡದ ಸೆರೆಮನೆಗೆ ತೆರಿಗೆ ಕೊಡುವಷ್ಟೇ ನ್ಯಾಯವೆಂದೂ ವಾದಿಸಿದರು. ಅರ್ಜಿ ಹಾಕಿದ ಮತದಾರರ ಕೋಪಕ್ಕೆ ಹೆದರದೆ ಸದಸ್ಯರು ಮನಸ್ಸು ಬದಲಿಸಿದರು, ಕಾಯಿದೆ ಉಳಿಯಿತು. ಒಬ್ಬ ಶಾಸಕನ ಭಾಷಣ ಸದನದ ಮತವನ್ನೇ ತಿರುಗಿಸಿದ ಅಪರೂಪದ ಪ್ರಸಂಗಗಳಲ್ಲಿ ಇದೂ ಒಂದೆಂದು ಅಮೆರಿಕದ ಶಿಕ್ಷಣ ಚರಿತ್ರೆಯಲ್ಲಿ ಇದು ದಾಖಲಾಗಿದೆ.

ಶಾಲೆಯ ಪ್ರಶ್ನೆಯಲ್ಲಿ ಗೆದ್ದ ಸ್ಟೀವನ್ಸ್ ಮತದ ಪ್ರಶ್ನೆಯಲ್ಲಿ ಮೊದಲು ಕಂಡದ್ದು ಸೋಲನ್ನೇ. ರಾಜ್ಯದ ಸಂವಿಧಾನವನ್ನು ಪರಿಷ್ಕರಿಸಲು 1837–38ರಲ್ಲಿ ಸೇರಿದ ಸಮಾವೇಶ, ಅಲ್ಲಿಯವರೆಗೆ ಸ್ವತಂತ್ರ ಕಪ್ಪು ಪುರುಷರಿಗೆ ಮುಚ್ಚದಿದ್ದ ಮತದಾನದ ಬಾಗಿಲನ್ನು ಮುಚ್ಚಿ, ಮತದ ಹಕ್ಕನ್ನು ಬಿಳಿಯರಿಗಷ್ಟೇ ಮೀಸಲಿಟ್ಟಿತು. ಸಮಾವೇಶದ ಸದಸ್ಯರಾಗಿದ್ದ ಸ್ಟೀವನ್ಸ್ ಇದನ್ನು ವಿರೋಧಿಸಿ, ಕೊನೆಗೆ ಆ ಸಂವಿಧಾನಕ್ಕೆ ಸಹಿ ಹಾಕಲು ನಿರಾಕರಿಸಿದರು. ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದ ಅನೇಕ ಉತ್ತರದ ನಾಯಕರು ಕಪ್ಪುಜನರ ಸಮಾನ ಪೌರತ್ವವನ್ನು ಒಪ್ಪದಿದ್ದ ಆ ಕಾಲದಲ್ಲಿ, ಬಿಡುಗಡೆ ಮತ್ತು ಸಮಾನತೆ ಇವೆರಡನ್ನೂ ಒಂದೇ ಬೇಡಿಕೆಯಾಗಿ ಮುಂದಿಟ್ಟದ್ದು ಅವರ ರಾಜಕಾರಣವನ್ನು ಇತರರದಕ್ಕಿಂತ ಭಿನ್ನವಾಗಿಸಿತು.

ಗೆಟಿಸ್‌ಬರ್ಗಿನ ಪಶ್ಚಿಮದ ಬೆಟ್ಟಗಳಲ್ಲಿ ಪಾಲುದಾರರೊಡನೆ ಅವರು ಹೂಡಿದ್ದ ಕ್ಯಾಲಿಡೋನಿಯಾ ಎಂಬ ಕಬ್ಬಿಣದ ಕುಲುಮೆ ಲಾಭಕ್ಕಿಂತ ಹೆಚ್ಚಾಗಿ ಸಾಲವನ್ನೇ ತಂದಿತು. ಆ ಸಾಲ ತೀರಿಸಲು ಹೆಚ್ಚಿನ ಆದಾಯದ ವಕೀಲಿ ಬೇಕಾಗಿ, 1842ರಲ್ಲಿ ಅವರು ದೊಡ್ಡ ಪಟ್ಟಣವಾದ ಲ್ಯಾಂಕಾಸ್ಟರಿಗೆ ಹೋಗಿ ನೆಲೆಸಿದರು. ಮದುವೆಯಾಗದ ಸ್ಟೀವನ್ಸ್ ಅವರ ಮನೆಯ ಆಡಳಿತವನ್ನು 1840ರ ದಶಕದಿಂದ ಅವರ ಕೊನೆಯುಸಿರಿನವರೆಗೂ ನೋಡಿಕೊಂಡವರು ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರಜನಾಂಗದ ವಿಧವೆ. ಅತಿಥಿಗಳ ಮುಂದೆ ಸಮಾನ ಗೌರವದಿಂದ ನಡೆಸಿಕೊಳ್ಳಲ್ಪಟ್ಟ ಅವರು ಸ್ವಂತ ದುಡಿಮೆಯಿಂದ ಲ್ಯಾಂಕಾಸ್ಟರಿನಲ್ಲೂ ವಾಷಿಂಗ್ಟನ್ನಿನಲ್ಲೂ ಆಸ್ತಿ ಮಾಡಿದ ಸಮರ್ಥ ಮಹಿಳೆ. ಇವರಿಬ್ಬರ ಸಂಬಂಧದ ಸ್ವರೂಪವನ್ನು ಕುರಿತು ವಿರೋಧಿಗಳು ಬಹಳ ಆಡಿಕೊಂಡರೂ ಸ್ಟೀವನ್ಸ್ ಅದನ್ನು ಲೆಕ್ಕಿಸಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅವರ ಮನೆ ಮತ್ತು ಕಚೇರಿಯ ಹಿಂಭಾಗದಲ್ಲಿ ಪುರಾತತ್ತ್ವಜ್ಞರು ಅಗೆದಾಗ, ನೆಲದಡಿಯ ಇಟ್ಟಿಗೆಯ ನೀರಿನ ತೊಟ್ಟಿಯೊಂದು ಒಬ್ಬ ಮನುಷ್ಯ ನುಸುಳಿ ಅಡಗುವಂತೆ ಮಾರ್ಪಾಡಾಗಿದ್ದುದು ಕಂಡುಬಂತು. ದಕ್ಷಿಣದಿಂದ ಓಡಿಬಂದ ಗುಲಾಮರನ್ನು ಮನೆಯಿಂದ ಮನೆಗೆ ದಾಟಿಸಿ ಉತ್ತರಕ್ಕೆ ತಲುಪಿಸುತ್ತಿದ್ದ ಗುಪ್ತ ಸಹಾಯಜಾಲವನ್ನು ಅಮೆರಿಕದಲ್ಲಿ ನೆಲದಡಿಯ ರೈಲು ಎಂದು ಕರೆಯುತ್ತಾರೆ. ಆ ತೊಟ್ಟಿ ಅಂಥವರ ಅಡಗುತಾಣವಾಗಿದ್ದಿರಬೇಕೆಂದು ಸಂಶೋಧಕರು ತರ್ಕಿಸಿದ್ದಾರೆ.

1848ರಲ್ಲಿ ವಿಗ್ ಪಕ್ಷದಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ, ಅಂದರೆ ಪ್ರತಿನಿಧಿ ಸಭೆಗೆ ಆಯ್ಕೆಯಾದ ಸ್ಟೀವನ್ಸ್, ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದ ನಾಗರಿಕರೂ ನೆರವಾಗಬೇಕೆಂದು ವಿಧಿಸಿದ 1850ರ ಕಾಯಿದೆಯನ್ನು ತೀವ್ರವಾಗಿ ವಿರೋಧಿಸಿದರು. ಆ ಕಾಯಿದೆಯ ಪರೀಕ್ಷೆ ಅವರ ಜಿಲ್ಲೆಯಲ್ಲೇ ನಡೆಯಿತು. 1851ರ ಸೆಪ್ಟೆಂಬರ್ 11ರ ಮುಂಜಾನೆ ಲ್ಯಾಂಕಾಸ್ಟರ್ ಜಿಲ್ಲೆಯ ಕ್ರಿಸ್ಟಿಯಾನಾ ಎಂಬ ಹಳ್ಳಿಗೆ, ಮೇರಿಲೆಂಡಿನ ಎಡ್ವರ್ಡ್ ಗೋರ್ಸಚ್ ಎಂಬ ಗುಲಾಮರ ಒಡೆಯ ವಾರಂಟು ಹಿಡಿದ ಅಧಿಕಾರಿಯೊಡನೆ ಬಂದಾಗ, ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ವಿಲಿಯಂ ಪಾರ್ಕರ್ ಅವರ ಮುಂದಾಳತ್ವದಲ್ಲಿ ಕಪ್ಪುಜನರು ಆಯುಧ ಹಿಡಿದು ಎದುರಿಸಿದರು. ಗೋರ್ಸಚ್ ಅಲ್ಲೇ ಸತ್ತ. ಕಾಯಿದೆಯನ್ನು ಎದುರಿಸುವುದೆಂದರೆ ದೇಶದ ಮೇಲೆ ಯುದ್ಧ ಹೂಡಿದಂತೆಯೇ ಎಂದು ಭಾವಿಸಿದ ಸರಕಾರ ಸುಮಾರು 40 ಮಂದಿಯ ಮೇಲೆ ರಾಜದ್ರೋಹದ ಆರೋಪ ಹೊರಿಸಿತು. ಮೊದಲಿಗೆ ವಿಚಾರಣೆಗೆ ಬಂದವನು ಸ್ಥಳಕ್ಕೆ ಬಂದಿದ್ದರೂ ಅಧಿಕಾರಿಗೆ ನೆರವಾಗಲು ಒಪ್ಪದಿದ್ದ ಕ್ಯಾಸ್ಟನರ್ ಹ್ಯಾನ್‌ವೇ ಎಂಬ ಬಿಳಿಯ ಹಿಟ್ಟಿನ ಗಿರಣಿಯವನು. ಫಿಲಡೆಲ್ಫಿಯಾದ ಸ್ವಾತಂತ್ರ್ಯ ಭವನದ ಮೇಲಂತಸ್ತಿನಲ್ಲಿ ನಡೆದ ಈ ವಿಚಾರಣೆಯಲ್ಲಿ ಆರೋಪಿಯ ಪರ ವಕೀಲರ ತಂಡದಲ್ಲಿದ್ದ ಸ್ಟೀವನ್ಸ್, ಗುಲಾಮಗಿರಿ ವಿರೋಧಿಯೆಂಬ ತಮ್ಮ ಖ್ಯಾತಿ ಪಂಚರ ಮನಸ್ಸನ್ನು ಕೆಡಿಸದಿರಲೆಂದು ಮುಖ್ಯ ವಾದವನ್ನು ಸಹವಕೀಲರಿಗೆ ಬಿಟ್ಟುಕೊಟ್ಟರು. ನಾಗರಿಕರಿಂದ ಆಯ್ದ ಪಂಚರ ಮಂಡಳಿಯಾದ ಜ್ಯೂರಿ ಕಾಲು ಗಂಟೆಯಲ್ಲಿ ಹ್ಯಾನ್‌ವೇಯನ್ನು ಖುಲಾಸೆ ಮಾಡಿತು, ಉಳಿದವರ ಮೇಲಿನ ರಾಜದ್ರೋಹದ ಮೊಕದ್ದಮೆಗಳೂ ಬಿದ್ದುಹೋದವು.

ಕೆಲವು ವರ್ಷ ಕಾಂಗ್ರೆಸ್ಸಿನಿಂದ ಹೊರಗಿದ್ದ ಸ್ಟೀವನ್ಸ್, ಗುಲಾಮಗಿರಿಯ ವಿಸ್ತರಣೆಯನ್ನು ತಡೆಯಲು ಹುಟ್ಟಿದ ರಿಪಬ್ಲಿಕನ್ ಪಕ್ಷದಿಂದ 1858ರಲ್ಲಿ ಮತ್ತೆ ಆಯ್ಕೆಯಾದರು. 1860–61ರಲ್ಲಿ ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಬೇರೆಯಾಗಿ ಯುದ್ಧ ಆರಂಭವಾದಾಗ, ತೆರಿಗೆ, ಸಾಲ, ವೆಚ್ಚಗಳ ಮಸೂದೆಗಳನ್ನೆಲ್ಲ ಸಿದ್ಧಪಡಿಸುವ ಹಣಕಾಸು ಸಮಿತಿಯ ಅಧ್ಯಕ್ಷತೆ ಅವರಿಗೆ ಬಂತು. ಆದಾಯ ತೆರಿಗೆಯನ್ನು ಮೊದಲ ಬಾರಿಗೆ ರಾಷ್ಟ್ರಮಟ್ಟದಲ್ಲಿ ವಿಧಿಸಿದ 1861ರ ಕಾಯಿದೆ, ಚಿನ್ನದ ಆಧಾರವಿಲ್ಲದೆ 15 ಕೋಟಿ ಡಾಲರ್ ಮೌಲ್ಯದ ಕಾಗದದ ಹಣ ಹೊರಡಿಸಲು ಅವಕಾಶ ಕೊಟ್ಟ 1862ರ ಫೆಬ್ರವರಿಯ ಕಾಯಿದೆ ಇವೆಲ್ಲವನ್ನೂ ಸದನದಲ್ಲಿ ದಾಟಿಸುವ ಹೊಣೆ ಅವರದಾಗಿತ್ತು. ಯುದ್ಧದ ಗುರಿ ಒಕ್ಕೂಟದ ರಕ್ಷಣೆಯೇ ಹೊರತು ಗುಲಾಮಗಿರಿಯ ನಿರ್ಮೂಲನವಲ್ಲ ಎಂದು ಸದನವೇ 1861ರ ಜುಲೈಯಲ್ಲಿ ನಿರ್ಣಯ ಮಾಡಿದ್ದ ಹೊತ್ತಿನಲ್ಲೂ, ಗುಲಾಮರನ್ನು ಬಿಡುಗಡೆ ಮಾಡಿ ಅವರ ಕೈಗೆ ಬಂದೂಕು ಕೊಡದೆ ಈ ಯುದ್ಧ ಗೆಲ್ಲಲಾಗದೆಂದು ಅವರು ಎಡೆಬಿಡದೆ ಹೇಳುತ್ತ ಬಂದರು. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಸೇವೆ ಸಲ್ಲಿಸಿದ್ದರು. ಈ ನಿಲುವಿನ ಬೆಲೆಯನ್ನು ಅವರು ಸ್ವಂತ ಆಸ್ತಿಯಿಂದಲೂ ತೆತ್ತರು. 1863ರ ಜೂನ್ 26ರಂದು, ಗೆಟಿಸ್‌ಬರ್ಗ್ ಕದನಕ್ಕೆ ಕೆಲವೇ ದಿನ ಮೊದಲು, ದಕ್ಷಿಣದ ಸೇನಾನಿ ಜೂಬಲ್ ಅರ್ಲಿ ಕ್ಯಾಲಿಡೋನಿಯಾ ಕುಲುಮೆಗೆ ಬೆಂಕಿ ಇಡಿಸಿ, ಸ್ಟೀವನ್ಸ್ ಅವರ ದಕ್ಷಿಣವಿರೋಧಿ ನೀತಿಗಾಗಿಯೇ ತಾನು ಹಾಗೆ ಮಾಡಿದೆನೆಂದು ಮುಂದೆ ಬರೆದುಕೊಂಡ. ಕೆಲಸ ಕಳೆದುಕೊಂಡ ಕುಟುಂಬಗಳ ಜೀವನದ ಹೊಣೆಯೇ ಸ್ಟೀವನ್ಸ್ ಅವರನ್ನು ತಮ್ಮ ನಷ್ಟಕ್ಕಿಂತ ಹೆಚ್ಚು ಕಾಡಿತು.

ಯುದ್ಧದ ನಂತರದ ಕಾಲವನ್ನು ಅಮೆರಿಕದ ಚರಿತ್ರೆಯಲ್ಲಿ ಪುನರ್ನಿರ್ಮಾಣ ಯುಗವೆಂದು ಕರೆಯಲಾಗುತ್ತದೆ: ಸೋತ ರಾಜ್ಯಗಳನ್ನು ಯಾವ ಷರತ್ತಿನ ಮೇಲೆ ಮರಳಿ ಸೇರಿಸಿಕೊಳ್ಳಬೇಕು, ಬಿಡುಗಡೆಯಾದವರ ಸ್ಥಾನಮಾನವೇನು ಎಂಬುದೇ ಆ ಯುಗದ ವಿವಾದ. ಯುದ್ಧಕಾಲದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಹತ್ಯೆಯ ನಂತರ ಅಧ್ಯಕ್ಷರಾದ ಟೆನೆಸ್ಸಿಯ ಆಂಡ್ರ್ಯೂ ಜಾನ್ಸನ್, ದಂಗೆಕೋರರಿಗೆ ಉದಾರವಾಗಿ ಕ್ಷಮೆ ನೀಡಿ ಅವರ ಜಮೀನುಗಳನ್ನು ಮರಳಿಸಿದರು. ದಕ್ಷಿಣದ ಹೊಸ ಶಾಸನಸಭೆಗಳು ಕಪ್ಪುಜನರ ಮೇಲೆ ವಿಶೇಷ ಕಾಯಿದೆಗಳನ್ನು ಹೇರತೊಡಗಿದವು. ಮಿಸಿಸಿಪ್ಪಿಯ ಕಾಯಿದೆಯಂತೆ ಪ್ರತಿಯೊಬ್ಬ ವಿಮೋಚಿತನೂ ವರ್ಷಾರಂಭದಲ್ಲಿ ತನಗೆ ಕೆಲಸವಿದೆಯೆಂಬ ಲಿಖಿತ ಪುರಾವೆ ತೋರಿಸಬೇಕಿತ್ತು, ಪಟ್ಟಣಗಳ ಹೊರಗೆ ಅವನು ಜಮೀನನ್ನು ಗೇಣಿಗೂ ಹಿಡಿಯುವಂತಿರಲಿಲ್ಲ. ಕೆಲಸವಿಲ್ಲದವನೆಂದು ಹಿಡಿದು ದಂಡ ಹಾಕಿ, ದಂಡ ಕಟ್ಟಲಾರದವನನ್ನು ಬಿಳಿಯರ ಹೊಲಕ್ಕೆ ಕೂಲಿಗೆ ಒಪ್ಪಿಸಲಾಗುತ್ತಿತ್ತು. ನೆಲವಿಲ್ಲದವನ ಸ್ವಾತಂತ್ರ್ಯ ಎಷ್ಟು ಬೇಗ ಹಳೆಯ ಗುಲಾಮಗಿರಿಗೆ ಮರಳಬಲ್ಲದು ಎಂಬುದಕ್ಕೆ ಈ ಕಾಯಿದೆಗಳೇ ಸಾಕ್ಷಿಯಾದವು.

ಇದನ್ನು ಮುಂಗಂಡಂತೆ ಸ್ಟೀವನ್ಸ್ 1865ರ ಸೆಪ್ಟೆಂಬರ್ 6ರಂದು ಲ್ಯಾಂಕಾಸ್ಟರಿನಲ್ಲಿ ಮಾಡಿದ ಭಾಷಣದಲ್ಲಿ ತಮ್ಮ ಯೋಜನೆಯನ್ನು ಅಂಕಿಅಂಶಗಳ ಸಮೇತ ಮಂಡಿಸಿದ್ದರು. 200 ಎಕರೆಗಿಂತ ಹೆಚ್ಚು ಜಮೀನು ಅಥವಾ 10,000 ಡಾಲರ್ ಮೌಲ್ಯದ ಆಸ್ತಿಯುಳ್ಳ ದಂಗೆಕೋರರ ನೆಲವನ್ನು ಮುಟ್ಟುಗೋಲು ಹಾಕಿಕೊಂಡರೆ, ಅವರ ಲೆಕ್ಕದಂತೆ, ಕೇವಲ 70,000 ಮಂದಿಯಿಂದ 39.4 ಕೋಟಿ ಎಕರೆ ಸರಕಾರದ ಕೈಗೆ ಬರುತ್ತಿತ್ತು, ದಕ್ಷಿಣದ ಬಹುಸಂಖ್ಯಾತ ಸಣ್ಣ ರೈತರ ಜಮೀನಿಗೆ ಕೈ ಹಾಕಬೇಕಾಗಿಯೂ ಇರಲಿಲ್ಲ. ಅದರಲ್ಲಿ ಪ್ರತಿಯೊಬ್ಬ ವಯಸ್ಕ ವಿಮೋಚಿತನಿಗೆ 40 ಎಕರೆಯಂತೆ ಹತ್ತು ಲಕ್ಷ ಮಂದಿಗೆ 4 ಕೋಟಿ ಎಕರೆ ಹಂಚಿ, ಉಳಿದದ್ದನ್ನು ಮಾರಿ ಬಂದ ಹಣದಿಂದ ಸೈನಿಕರ ಪಿಂಚಣಿ, ಒಕ್ಕೂಟಕ್ಕೆ ನಿಷ್ಠರಾಗಿದ್ದು ನಷ್ಟ ಅನುಭವಿಸಿದವರ ಪರಿಹಾರ, ಯುದ್ಧಸಾಲದ ತೀರುವಳಿ ಇವನ್ನೆಲ್ಲ ನೋಡಿಕೊಳ್ಳಬಹುದೆಂದು ಅವರು ತೋರಿಸಿದರು. ಸಾವಿರಾರು ಎಕರೆಯ ಒಡೆಯರೂ ನೆಲವಿಲ್ಲದ ಕೂಲಿಗಳೂ ಅಕ್ಕಪಕ್ಕದಲ್ಲಿರುವ ಸಮಾಜದಲ್ಲಿ ಗಣರಾಜ್ಯದ ಸಂಸ್ಥೆಗಳು ಬೇರೂರಲಾರವು ಎಂಬುದು ಅವರ ವಾದದ ತಿರುಳಾಗಿತ್ತು.

ಅದೇ ವರ್ಷದ ಡಿಸೆಂಬರ್ 4ರಂದು ಕಾಂಗ್ರೆಸ್ ಸೇರಿದಾಗ ನಡೆದ ಒಂದು ಪ್ರಸಂಗ, ಸಂಸದೀಯ ವಿಧಾನಗಳ ಮೇಲೆ ಸ್ಟೀವನ್ಸ್ ಅವರಿಗಿದ್ದ ಹಿಡಿತವನ್ನು ತೋರಿಸುತ್ತದೆ. ಹೊಸ ಸದನದ ಮೊದಲ ದಿನ ಸಭಾಧ್ಯಕ್ಷರ ಆಯ್ಕೆಗೂ ಮೊದಲು ಸದಸ್ಯರ ಹೆಸರು ಕರೆಯುವ ಅಧಿಕಾರ ಸದನದ ಕಾರ್ಯದರ್ಶಿಗೆ ಸೇರಿದ್ದು. ಆ ಸ್ಥಾನದಲ್ಲಿದ್ದವರು ಸ್ಟೀವನ್ಸ್ ಅವರ ಶಿಷ್ಯರಾದ ಗೆಟಿಸ್‌ಬರ್ಗಿನ ಎಡ್ವರ್ಡ್ ಮೆಕ್‌ಫರ್ಸನ್. ಮೊದಲೇ ಒಪ್ಪಂದವಾಗಿದ್ದಂತೆ ಮೆಕ್‌ಫರ್ಸನ್ ದಕ್ಷಿಣದ ರಾಜ್ಯಗಳಿಂದ ಆಯ್ಕೆಯಾಗಿ ಬಂದಿದ್ದವರ ಹೆಸರುಗಳನ್ನು ಕರೆಯದೆ ಮುಂದೆ ಸಾಗಿದರು. ಅಧ್ಯಕ್ಷರ ಸ್ವಂತ ರಾಜ್ಯವಾದ ಟೆನೆಸ್ಸಿಯಿಂದ ಬಂದ, ಯುದ್ಧಕಾಲದಲ್ಲೂ ಒಕ್ಕೂಟಕ್ಕೆ ನಿಷ್ಠರಾಗಿದ್ದ ಹೊರೇಸ್ ಮೇನಾರ್ಡ್ ಎದ್ದು ಮಾತನಾಡಲು ಯತ್ನಿಸಿದಾಗ, ಹೆಸರು ಪಟ್ಟಿಯಲ್ಲಿ ಇಲ್ಲದವರ ಮಾತನ್ನು ಕೇಳಲಾಗದೆಂದು ಕಾರ್ಯದರ್ಶಿ ತಡೆದರು. ಬಳಿಕ ಸ್ಟೀವನ್ಸ್ ಅವರ ಸೂಚನೆಯಂತೆ ಎರಡೂ ಸದನಗಳ 15 ಸದಸ್ಯರ ಜಂಟಿ ಪುನರ್ನಿರ್ಮಾಣ ಸಮಿತಿ ರಚನೆಯಾಯಿತು. ಹೀಗೆ, ಅಧ್ಯಕ್ಷರ ನೀತಿಯಂತೆ ಹಳೆಯ ಒಡೆಯರು ನೇರವಾಗಿ ಕಾಂಗ್ರೆಸ್ಸಿಗೆ ಮರಳುವ ದಾರಿಯನ್ನು ಒಂದು ಹಾಜರಿ ಪಟ್ಟಿ ಮುಚ್ಚಿತು.

ಈ ಸಮಿತಿಯಿಂದ ಹೊರಬಂದದ್ದೇ ಹದಿನಾಲ್ಕನೆಯ ತಿದ್ದುಪಡಿ. ಅದುವರೆಗೆ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನಷ್ಟೇ ರಾಜ್ಯದ ಜನಸಂಖ್ಯೆಗೆ ಸೇರಿಸಿ ಪ್ರತಿನಿಧಿಗಳ ಸಂಖ್ಯೆ ನಿಗದಿ ಮಾಡಲಾಗುತ್ತಿತ್ತು. ಈಗ ವಿಮೋಚಿತರನ್ನು ಪೂರ್ತಿಯಾಗಿ ಎಣಿಸಬೇಕಾಗಿದ್ದುದರಿಂದ, ಅವರಿಗೆ ಮತವನ್ನೇ ಕೊಡದೆ ಅವರ ತಲೆಯೆಣಿಕೆಯ ಬಲದಿಂದ ದಕ್ಷಿಣ ಇನ್ನೂ ಹೆಚ್ಚು ಸ್ಥಾನ ಪಡೆಯುವ ಅಪಾಯವಿತ್ತು. ಆದ್ದರಿಂದ ವಯಸ್ಕ ಪುರುಷರಿಗೆ ಮತ ನಿರಾಕರಿಸುವ ರಾಜ್ಯದ ಪ್ರಾತಿನಿಧ್ಯವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕೆಂಬ ಷರತ್ತು ತಿದ್ದುಪಡಿಗೆ ಸೇರಿತು. ಅಮೆರಿಕದಲ್ಲಿ ಹುಟ್ಟಿದವರೆಲ್ಲ ಪೌರರು, ಯಾವ ರಾಜ್ಯವೂ ಯಾರಿಗೂ ಕಾನೂನುಗಳ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ ಎಂಬ ಮೊದಲ ವಿಭಾಗದ ಸಮಾನ ರಕ್ಷಣೆಯ ಭಾಷೆ ಮುಖ್ಯವಾಗಿ ಓಹಿಯೋದ ವಕೀಲ ಜಾನ್ ಬಿಂಗಮ್ ಅವರದು; ಪ್ರತಿನಿಧಿ ಸಭೆಯಲ್ಲಿ ತಿದ್ದುಪಡಿಯ ಹೊಣೆ ಹೊತ್ತು ನಡೆಸಿದವರು ಸ್ಟೀವನ್ಸ್. 1866ರ ಜೂನ್ 13ರಂದು ಅಂತಿಮ ಮತದಾನದ ಮುನ್ನ ಅವರು, ಮನುಷ್ಯರ ನಡುವೆ ಯಾವ ಭೇದವನ್ನೂ ಉಳಿಸದ ಸಂವಿಧಾನವನ್ನು ಜೀವನವಿಡೀ ಬಯಸಿದ್ದೆನೆಂದೂ, ಈ ತಿದ್ದುಪಡಿ ಅದಕ್ಕಿಂತ ಬಹಳ ಕಡಿಮೆಯೆಂದೂ, ತಾನು ಬದುಕಿರುವುದು ಮನುಷ್ಯರ ನಡುವೆಯಾದ್ದರಿಂದ ಇದನ್ನು ಒಪ್ಪುತ್ತೇನೆಂದೂ ನಿಸ್ಸಂಕೋಚವಾಗಿ ಹೇಳಿದರು. ಅದರ ಕೊರತೆಗಳು ನಿಜವೂ ಆಗಿದ್ದವು: ಮತದ ಹಕ್ಕನ್ನು ಅದು ನೇರವಾಗಿ ಕೊಡಲಿಲ್ಲ, ಪುರುಷರೆಂಬ ಭೇದವನ್ನು ಮೊದಲ ಬಾರಿಗೆ ಸಂವಿಧಾನದೊಳಗೆ ತಂದು ಮಹಿಳಾ ಮತಾಧಿಕಾರದ ಹೋರಾಟಗಾರ್ತಿಯರ ನ್ಯಾಯವಾದ ಕೋಪಕ್ಕೆ ಕಾರಣವಾಯಿತು.

ಟೆನೆಸ್ಸಿಯನ್ನು ಬಿಟ್ಟು ದಕ್ಷಿಣದ ಉಳಿದ ರಾಜ್ಯಗಳು ಈ ತಿದ್ದುಪಡಿಯನ್ನೂ ತಿರಸ್ಕರಿಸಿದಾಗ, ಅವು ಯುದ್ಧದಲ್ಲಿ ಗೆದ್ದ ಪ್ರಾಂತಗಳಿದ್ದಂತೆ, ಅವುಗಳ ಮೇಲೆ ಕಾಂಗ್ರೆಸ್ಸಿಗೆ ಪೂರ್ಣ ಅಧಿಕಾರವಿದೆ ಎಂದು ಸ್ಟೀವನ್ಸ್ ಮೊದಲಿನಿಂದ ಹೇಳುತ್ತಿದ್ದ ಮಾತಿಗೆ ಬಲ ಬಂತು. 1867ರ ಮಾರ್ಚ್ 2ರಂದು ಅಧ್ಯಕ್ಷರ ನಿರಾಕರಣೆಯನ್ನು ಮೀರಿ ಜಾರಿಯಾದ ಪುನರ್ನಿರ್ಮಾಣ ಕಾಯಿದೆ, ದಕ್ಷಿಣದ ಹತ್ತು ರಾಜ್ಯಗಳನ್ನು ಐದು ಸೈನಿಕ ವಲಯಗಳಾಗಿ ವಿಂಗಡಿಸಿ, ಕಪ್ಪು ಪುರುಷರೂ ಮತ ಹಾಕಿ ಆರಿಸಿದ ಸಮಾವೇಶಗಳು ಹೊಸ ಸಂವಿಧಾನ ರಚಿಸಬೇಕೆಂದು ವಿಧಿಸಿತು. ಆ ಸಮಾವೇಶಗಳು ರಚಿಸಿದ ಸಂವಿಧಾನಗಳ ಮೂಲಕವೇ ದಕ್ಷಿಣದ ಬಹುಭಾಗದಲ್ಲಿ ಸಾರ್ವಜನಿಕ ಶಾಲೆಗಳ ವ್ಯವಸ್ಥೆ ಮೊದಲಿಗೆ ಆರಂಭವಾಯಿತೆಂಬುದು, 1835ರ ಹೋರಾಟವನ್ನೂ 1867ರ ಕಾಯಿದೆಯನ್ನೂ ಒಂದೇ ಸೂತ್ರದಲ್ಲಿ ಪೋಣಿಸುತ್ತದೆ. ಆದರೆ ಅದೇ ತಿಂಗಳು ಸ್ಟೀವನ್ಸ್ ಮಂಡಿಸಿದ ಭೂಹಂಚಿಕೆಯ ಮಸೂದೆಗೆ ಸ್ವಪಕ್ಷದವರೇ ಬೆಂಬಲ ಕೊಡಲಿಲ್ಲ. ಆಸ್ತಿಯ ಹಕ್ಕನ್ನು ಪವಿತ್ರವೆಂದು ನಂಬಿದ್ದ, ದಕ್ಷಿಣದ ಹತ್ತಿಯ ಉತ್ಪಾದನೆ ಬೇಗ ಮರಳಬೇಕೆಂದು ಬಯಸಿದ್ದ, ಒಮ್ಮೆ ನೆಲ ಹಂಚಿದರೆ ಉತ್ತರದ ಕೂಲಿಕಾರರೂ ಅದನ್ನೇ ಕೇಳಿಯಾರೆಂದು ಅಂಜಿದ ರಿಪಬ್ಲಿಕನ್ನರಿಗೆ ಮತದ ಹಕ್ಕಿನವರೆಗೆ ಬರುವುದು ಸಾಧ್ಯವಾಯಿತು, ನೆಲದವರೆಗೆ ಬರುವುದು ಸಾಧ್ಯವಾಗಲಿಲ್ಲ.

1868ರ ಫೆಬ್ರವರಿಯಲ್ಲಿ ಯುದ್ಧಮಂತ್ರಿ ಎಡ್ವಿನ್ ಸ್ಟ್ಯಾಂಟನ್ ಅವರನ್ನು ಜಾನ್ಸನ್ ಕಾಯಿದೆ ಮೀರಿ ವಜಾ ಮಾಡಿದಾಗ, ಪ್ರತಿನಿಧಿ ಸಭೆ 126 ವಿರುದ್ಧ 47 ಮತಗಳಿಂದ ಅಧ್ಯಕ್ಷರ ಮೇಲೆ ಮಹಾಭಿಯೋಗ, ಅಂದರೆ ಅಧಿಕಾರದಿಂದ ತೆಗೆಯಲು ಸೆನೆಟ್ಟಿನ ಮುಂದೆ ನಡೆಸುವ ವಿಚಾರಣೆಯನ್ನು ಹೂಡಿತು. 76ರ ಅಂಚಿನಲ್ಲಿದ್ದು, ನಡೆಯುವ ಶಕ್ತಿಯೂ ಇಲ್ಲದೆ ಕುರ್ಚಿಯಲ್ಲಿ ಹೊತ್ತು ತರಬೇಕಾಗಿದ್ದ ಸ್ಟೀವನ್ಸ್ ಅಭಿಯೋಜಕರಲ್ಲಿ ಒಬ್ಬರಾದರು. ಮೇ 16ರಂದು ಸೆನೆಟ್ಟಿನಲ್ಲಿ 35 ವಿರುದ್ಧ 19 ಮತ ಬಂದು, ಬೇಕಾದ ಮೂರನೆಯ ಎರಡರಷ್ಟು ಬಹುಮತಕ್ಕೆ ಒಂದೇ ಮತ ಕಡಿಮೆಯಾಗಿ ಜಾನ್ಸನ್ ಉಳಿದುಕೊಂಡರು. ಹದಿನಾಲ್ಕನೆಯ ತಿದ್ದುಪಡಿ ಜುಲೈಯಲ್ಲಿ ಅಂಗೀಕಾರವಾದದ್ದನ್ನು ನೋಡಿ, ಆಗಸ್ಟ್ 11ರಂದು ಸ್ಟೀವನ್ಸ್ ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಸೆನೆಟರ್ ಹೆನ್ರಿ ಕ್ಲೇ ಮತ್ತು ಲಿಂಕನ್ ಅವರ ನಂತರ ಸಂಸತ್ ಭವನದ ಗುಮ್ಮಟದಡಿ ಅಂತಿಮ ದರ್ಶನಕ್ಕಿಟ್ಟ ಮೂರನೆಯ ಪಾರ್ಥಿವ ಶರೀರ ಅವರದು, ಅದಕ್ಕೆ ಕಾವಲು ನಿಂತವರು ಕಪ್ಪು ಸೈನಿಕರು. ಜನಾಂಗಭೇದ ಮಾಡುತ್ತಿದ್ದ ಸ್ಮಶಾನಗಳನ್ನು ನಿರಾಕರಿಸಿ, ಎಲ್ಲರಿಗೂ ತೆರೆದಿದ್ದ ಲ್ಯಾಂಕಾಸ್ಟರಿನ ಶ್ರೈನರ್ ಸ್ಮಶಾನವನ್ನು ಅವರೇ ಆರಿಸಿಕೊಂಡಿದ್ದರು; ಜೀವನದುದ್ದಕ್ಕೂ ಪ್ರತಿಪಾದಿಸಿದ ತತ್ತ್ವವನ್ನು ಸಾವಿನಲ್ಲೂ ಪಾಲಿಸಲೆಂದೇ ಈ ಸ್ಥಳವನ್ನು ಆಯ್ದುಕೊಂಡೆನೆಂಬ ಅರ್ಥದ ಬರಹವನ್ನು ತಮ್ಮ ಸಮಾಧಿಗಾಗಿ ತಾವೇ ಬರೆದಿಟ್ಟಿದ್ದರು. ಉಯಿಲಿನಲ್ಲಿ ತಾಯಿಯ ಸಮಾಧಿಯ ನಾಲ್ಕು ಮೂಲೆಗಳಲ್ಲಿ ಪ್ರತಿ ವಸಂತಕ್ಕೂ ಹೂಗಿಡ ನೆಡಲು, ಲಿಡಿಯಾ ಸ್ಮಿತ್ ಅವರ ಜೀವನಕ್ಕೆ, ಹಾಗೂ ಬಣ್ಣ ಕುಲಗಳ ಭೇದವಿಲ್ಲದ ಅನಾಥಾಲಯಕ್ಕೆ ಹಣ ಮೀಸಲಿಟ್ಟಿದ್ದರು; ಈ ಕೊನೆಯ ದತ್ತಿಯಿಂದ 1905ರಲ್ಲಿ ಆರಂಭವಾದ ಶಾಲೆ ಇಂದು ಅವರ ಹೆಸರಿನ ತಾಂತ್ರಿಕ ಕಾಲೇಜಾಗಿ ನಡೆಯುತ್ತಿದೆ.

ಮರಣಾನಂತರ ಅವರ ಹೆಸರು ಬಹುಕಾಲ ದ್ವೇಷಕ್ಕೆ ಗುರಿಯಾಯಿತು. 1877ರಲ್ಲಿ ಕೇಂದ್ರದ ಸೈನ್ಯ ದಕ್ಷಿಣದ ರಾಜಕೀಯದಿಂದ ಹಿಂದೆ ಸರಿದ ಮೇಲೆ ಬಿಳಿಯರ ಆಳ್ವಿಕೆ ಮರುಸ್ಥಾಪನೆಯಾಗಿ, ಪುನರ್ನಿರ್ಮಾಣವನ್ನು ಸೇಡಿನ ಕಾಲವೆಂದು ಚಿತ್ರಿಸುವ ಇತಿಹಾಸ ಬರವಣಿಗೆ ಪ್ರಬಲವಾಯಿತು. 1915ರ ದ ಬರ್ತ್ ಆಫ್ ಎ ನೇಷನ್ ಎಂಬ ಚಲನಚಿತ್ರ ಆಸ್ಟಿನ್ ಸ್ಟೋನ್‌ಮನ್ ಎಂಬ ಪಾತ್ರದ ಮೂಲಕ ಅವರನ್ನು ಖಳನಾಯಕನನ್ನಾಗಿ ತೋರಿಸಿತು. ಇತಿಹಾಸಕಾರ ಡಬ್ಲ್ಯು. ಇ. ಬಿ. ಡುಬೋಯ್ಸ್ ಅವರ 1935ರ ಗ್ರಂಥದಿಂದ ಆರಂಭವಾದ ಮರುವಿಚಾರ, ನಾಗರಿಕ ಹಕ್ಕುಗಳ ಚಳವಳಿಯ ಕಾಲಕ್ಕೆ ಬಲಗೊಂಡು, ಆ ಚಿತ್ರಣದ ಹಿಂದಿದ್ದ ಜನಾಂಗದ್ವೇಷವನ್ನು ಬಯಲು ಮಾಡಿತು.

ಸ್ಟೀವನ್ಸ್ ಸದನದಲ್ಲಿ ಗೆಲ್ಲಿಸಿದ ಹದಿನಾಲ್ಕನೆಯ ತಿದ್ದುಪಡಿಯ ಹಾದಿಯೂ ಇದೇ ಬಗೆಯದು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ರತ್ಯೇಕವಾಗಿಟ್ಟರೂ ಸಮಾನವೆನ್ನಬಹುದೆಂದು ಹೇಳಿ ಅದರ ಜೀವ ತೆಗೆದರೆ, 1954ರಲ್ಲಿ ಶಾಲೆಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅದೇ ಭಾಷೆಯ ಬಲದಿಂದ ಪ್ರತ್ಯೇಕತೆಯನ್ನು ಅಸಾಂವಿಧಾನಿಕವೆಂದು ಸಾರಿತು. ಭಾರತದ ಸಂವಿಧಾನದ 14ನೆಯ ವಿಧಿ ಕಾನೂನಿನ ಮುಂದೆ ಸಮಾನತೆ ಎಂಬ ಇಂಗ್ಲಿಷ್ ಪರಂಪರೆಯ ತತ್ತ್ವದ ಜೊತೆಗೆ ಕಾನೂನುಗಳ ಸಮಾನ ರಕ್ಷಣೆ ಎಂಬ ಈ ಅಮೆರಿಕನ್ ತತ್ತ್ವವನ್ನೂ ಸೇರಿಸಿಕೊಂಡಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಾಧೀಶರೊಡನೆ ಚರ್ಚಿಸಿ ಬಂದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಹೀಗೆ 1866ರ ಆ ತಿದ್ದುಪಡಿಯ ಭಾಷೆ ಇಂದು ಭಾರತದ ನ್ಯಾಯಾಲಯಗಳಲ್ಲೂ ದಿನನಿತ್ಯ ಉದ್ಧರಿಸಲ್ಪಡುತ್ತದೆ.

ಆದರೂ ಸ್ಟೀವನ್ಸ್ ಅವರ ಚರಿತ್ರೆಯ ಮುಖ್ಯ ಪಾಠ ಅವರು ಗೆದ್ದ ಕಾಯಿದೆಗಳಲ್ಲಿರುವಷ್ಟೇ ಅವರು ಸೋತ ಮಸೂದೆಯಲ್ಲೂ ಇದೆ. ಸ್ವಂತ ನೆಲ ಸಿಗದ ವಿಮೋಚಿತರು ಹಳೆಯ ಒಡೆಯರ ಹೊಲಗಳಲ್ಲೇ ಪಾಲಿನ ಬೇಸಾಯಕ್ಕೆ ನಿಂತು, ಬೀಜಕ್ಕೂ ದಿನಸಿಗೂ ಅಂಗಡಿಯ ಸಾಲ ಮಾಡಿ, ಸುಗ್ಗಿಯ ಲೆಕ್ಕದಲ್ಲಿ ಪ್ರತಿ ವರ್ಷ ಬಾಕಿದಾರರಾಗಿಯೇ ಉಳಿದರು. ಹೊಟ್ಟೆಗೆ ಒಡೆಯನನ್ನು ಅವಲಂಬಿಸಿದವನು ಮತಗಟ್ಟೆಯಲ್ಲಿ ಅವನನ್ನು ಎದುರಿಸಲಾರದಾದ. 1870ರಲ್ಲಿ ಹದಿನೈದನೆಯ ತಿದ್ದುಪಡಿ ಮತದ ಹಕ್ಕನ್ನು ಸ್ಪಷ್ಟವಾಗಿ ಬರೆದರೂ, ಬೆದರಿಕೆ, ತೆರಿಗೆ, ಓದುಬರಹದ ಪರೀಕ್ಷೆಗಳ ಮೂಲಕ ದಕ್ಷಿಣ ಅದನ್ನು ಕಸಿದುಕೊಳ್ಳಬಲ್ಲುದಾಯಿತು. ಆ ಹಕ್ಕು ಮತ್ತೆ ಕೈಗೆ ಬರಲು 1965ರ ಮತದಾನ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು. ಶಾಲೆ, ಮತ, ನೆಲಗಳನ್ನು ಬೇರೆಬೇರೆ ಸುಧಾರಣೆಗಳೆಂದು ಎಣಿಸದೆ, ಒಂದು ಇಲ್ಲದಿದ್ದರೆ ಉಳಿದೆರಡೂ ನಿಲ್ಲವೆಂದು ಕಂಡ ಸ್ಟೀವನ್ಸ್ ಅವರ ಲೆಕ್ಕವನ್ನು ಅವರ ಕಾಲ ಅತಿರೇಕವೆಂದು ತಳ್ಳಿಹಾಕಿತು. ಆ ಲೆಕ್ಕ ಸರಿಯಾಗಿತ್ತೆಂಬುದನ್ನು ಆನಂತರದ ನೂರು ವರ್ಷಗಳ ಅನ್ಯಾಯ ಸಾಬೀತುಪಡಿಸಿತು.